ರಕ್ತನಾಳ, ವಂಶವಾಹಿ ಮತ್ತು ನಮ್ಮ ಮನೆತನಗಳು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಆರೋಗ್ಯವೇ ಭಾಗ್ಯ’. ಇದೇ ವಿಷಯದ ಮೇಲೆ ಇದೇ ಶಾಲೆಯಲ್ಲಿ, ಎಂಟನೇ ತರಗತಿಯಲ್ಲಿದ್ದಾಗ ಪ್ರಬಂಧ ಬರೆದು ಒಂದು ಸ್ಟೀಲ್ ಲೋಟ ಬಹುಮಾನ ತೆಗೆದುಕೊಂಡಿದ್ದೇನೆ. ಮತ್ತೆ ಅದನ್ನೇ ಹೇಳಿದರೆ ನನಗೆ ಇನ್ನೊಂದು ಲೋಟ ಸಿಗಬಹುದು, ನಿಮಗೇನೂ ಸಿಗುವುದಿಲ್ಲ. ಆದ್ದರಿಂದ ಒಂದೇ ಒಂದು ಸಂಗತಿ ಹಿಡಿದು ಮಾತನಾಡುತ್ತೇನೆ. ಗುರುಗಳು ಕ್ಷಮಿಸಬೇಕು, ಸ್ವಲ್ಪ ಪಾಠದ ಹಾಗೆಯೇ ಇರುತ್ತದೆ.

ಇದು ನಿಮಗೆಲ್ಲ ಗೊತ್ತಿರುವ ವಿಚಾರ. ಪ್ರತಿ ಊರಿನಲ್ಲೂ ಇಂಥ ಒಂದೋ ಎರಡೋ ಮನೆಗಳಿರುತ್ತವೆ. ತಾತ ನಲವತ್ತೈದಕ್ಕೆ ಹೋದರು. ಚಿಕ್ಕಪ್ಪ ನಲವತ್ತೆರಡಕ್ಕೆ ಹೊಲದ ಬದುವಿನ ಮೇಲೇ ಕುಸಿದರು. ಈಗ ಮಗನಿಗೆ ಮೂವತ್ತೆಂಟು, ಅವನೂ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದಾನೆ. ‘ಆ ಮನೇಲಿ ಗಂಡಸರು ಉಳಿಯೋದಿಲ್ಲ’ ಎಂದು ಜನ ಮಾತನಾಡಿಕೊಳ್ಳುತ್ತಾರೆ. ಕೆಲವರು ದೋಷ ಅನ್ನುತ್ತಾರೆ, ಶಾಂತಿ ಮಾಡಿಸುತ್ತಾರೆ. ಇನ್ನು ಕೆಲವರು ‘ಬೀಡಿ ಸೇದುತ್ತಿದ್ದ, ಹೋದ’ ಎಂದು ಸತ್ತವನ ಮೇಲೇ ತಪ್ಪು ಹೊರಿಸಿ ಮುಗಿಸುತ್ತಾರೆ. ಶಾಂತಿ ಮಾಡಿಸುವುದಕ್ಕೆ ನನ್ನ ತಕರಾರಿಲ್ಲ. ಆ ಮನೆಯಲ್ಲಿ ಉಳಿದ ಮಕ್ಕಳ ರಕ್ತವನ್ನು ಯಾರೂ ಪರೀಕ್ಷೆ ಮಾಡಿಸುವುದಿಲ್ಲವಲ್ಲ, ನನ್ನ ತಕರಾರು ಅದಕ್ಕೆ. ಹೆಣ್ಣುಮಕ್ಕಳನ್ನಂತೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವರು ಮದುವೆಯಾಗಿ ಬೇರೆ ಊರು ಸೇರಿರುತ್ತಾರೆ. ಮನೆತನದ ಕಾಯಿಲೆಯೂ ಅವರ ಜೊತೆ ಸದ್ದಿಲ್ಲದೆ ಹೋಗಿರುತ್ತದೆ.

ಮೊದಲು ರಕ್ತನಾಳದ ಕಥೆ. ನಮ್ಮದು ನಾಲೆಯ ಊರು, ಆದ್ದರಿಂದ ನಾಲೆಯ ಲೆಕ್ಕದಲ್ಲೇ ಹೇಳುತ್ತೇನೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿದು ಮೈಗೆಲ್ಲ ರಕ್ತ ಹರಿಸುತ್ತದೆ. ಆ ಹೃದಯಕ್ಕೇ ರಕ್ತ ಕೊಡುವ ನಾಳಗಳು ಮೂರು ನಾಲ್ಕು ಮಿಲಿಮೀಟರ್ ಅಗಲದವು, ಬಾಲ್‌ಪೆನ್ನಿನ ರೀಫಿಲ್ ಇರುತ್ತದಲ್ಲ, ಹೆಚ್ಚು ಕಡಿಮೆ ಅಷ್ಟೇ. ನಾಲೆಯಲ್ಲಿ ಹೂಳು ತುಂಬಿದ ಹಾಗೆ ಈ ನಾಳಗಳಲ್ಲಿ ಕೊಬ್ಬು ತುಂಬುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಈ ಹೋಲಿಕೆ ಅರ್ಧ ಸರಿ, ಅರ್ಧ ತಪ್ಪು. ಕೊಬ್ಬು ನೀರು ಹರಿಯುವ ಜಾಗದಲ್ಲಿ ಕೂರುವುದಿಲ್ಲ, ನಾಲೆಯ ಏರಿಯ ಒಳಗೆ ಹೊಕ್ಕು ಕೂರುತ್ತದೆ. ಏರಿ ಒಳಗೊಳಗೇ ಉಬ್ಬುತ್ತದೆ, ಮೆತ್ತಗಾಗುತ್ತದೆ. ಹೊರಗಿನಿಂದ ನೋಡಿದರೆ ನೀರು ಚೆನ್ನಾಗಿಯೇ ಹರಿಯುತ್ತಿರುತ್ತದೆ. ಒಂದು ದಿನ ಏರಿಯ ಮೇಲ್ಪದರ ಬಿರುಕು ಬಿಡುತ್ತದೆ, ಆ ಗಾಯದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ನಾಳ ಮುಚ್ಚಿಹೋಗುತ್ತದೆ. ‘ನಿನ್ನೆ ಸಂಜೆ ಚೆನ್ನಾಗಿ ಮಾತಾಡ್ಕೊಂಡು ಕೂತಿದ್ರು, ಬೆಳಿಗ್ಗೆ ಇಲ್ಲ’ ಅನ್ನುವುದು ಇದೇ ಕಾರಣಕ್ಕೆ. ಕೂತು ಮಾತಾಡುತ್ತಿದ್ದಾಗಲೂ ಏರಿಯ ಒಳಗೆ ಇಪ್ಪತ್ತು ಮೂವತ್ತು ವರ್ಷದ ಕೆಲಸ ನಡೆದಿತ್ತು.

ಏರಿಯ ಒಳಗೆ ಹೊಗುವುದು ಮುಖ್ಯವಾಗಿ ಎಲ್‌ಡಿಎಲ್ ಎಂಬ ಕೊಲೆಸ್ಟರಾಲ್ ಕಣ. ನಿಮ್ಮ ಲಿಪಿಡ್ ಪ್ರೊಫೈಲ್ ರಿಪೋರ್ಟಿನಲ್ಲಿ ಆ ಹೆಸರಿನ ಮುಂದೆ ಒಂದು ಅಂಕಿ ಇರುತ್ತದೆ. ರಿಪೋರ್ಟಿನಲ್ಲಿ ಐದಾರು ಅಂಕಿಗಳಿದ್ದರೂ ಇವತ್ತು ನೀವು ನೆನಪಿಟ್ಟುಕೊಳ್ಳಬೇಕಾದ್ದು ಅದೊಂದನ್ನೇ.

1938ರಲ್ಲಿ ನಾರ್ವೆ ದೇಶದ ಕಾರ್ಲ್ ಮ್ಯೂಲರ್ ಎಂಬ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಕೆಲವು ಕುಟುಂಬಗಳಲ್ಲಿ ಹಿಮ್ಮಡಿಯ ನರದ ಮೇಲೆ, ಕೈಬೆರಳ ಗೆಣ್ಣಿನ ಮೇಲೆ ಗಟ್ಟಿ ಗಂಟುಗಳಿದ್ದವು, ರಕ್ತದಲ್ಲಿ ಕೊಲೆಸ್ಟರಾಲ್ ಬಹಳವಿತ್ತು, ಚಿಕ್ಕ ವಯಸ್ಸಿನಲ್ಲೇ ಹೃದಯದ ಕಾಯಿಲೆ ಬರುತ್ತಿತ್ತು. ಈ ಮೂರೂ ಒಟ್ಟೊಟ್ಟಿಗೆ ತಂದೆ ತಾಯಿಯಿಂದ ಮಕ್ಕಳಿಗೆ ಇಳಿಯುತ್ತಿದ್ದವು. 1964ರಲ್ಲಿ ಲೆಬನಾನಿನ ಅವೆಡಿಸ್ ಖಚದೂರಿಯನ್ ಅವರು ಅಲ್ಲಿನ ಕುಟುಂಬಗಳನ್ನು ನೋಡಿ, ಇದು ಇಳಿಯುವ ರೀತಿಯನ್ನು ಬಿಡಿಸಿಟ್ಟರು. ಒಂದು ಕೆಟ್ಟ ಜೀನ್ ಬಂದವರಿಗೆ ಕೊಲೆಸ್ಟರಾಲ್ ಹೆಚ್ಚು, ಎರಡು ಬಂದವರಿಗೆ ವಿಪರೀತ. ಆಮೇಲೆ ಅಮೆರಿಕದ ಡಲ್ಲಾಸಿನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಇದರ ಕಾರಣವನ್ನೇ ಹಿಡಿದರು. 1985ರಲ್ಲಿ ಅವರಿಗೆ ನೊಬೆಲ್ ಬಂತು.

ಅವರು ಕಂಡದ್ದು ಇಷ್ಟು. ನಮ್ಮ ಜೀವಕೋಶಗಳ ಮೇಲೆ, ಅದರಲ್ಲೂ ಲಿವರ್‌ನ ಮೇಲೆ, ಎಲ್‌ಡಿಎಲ್ ಕಣಗಳನ್ನು ಒಳಗೆ ಎಳೆದುಕೊಳ್ಳುವ ಬಾಗಿಲುಗಳಿವೆ. ಆ ಬಾಗಿಲು ಮಾಡುವ ಜೀನ್ ಅಪ್ಪನಿಂದ ಒಂದು, ಅವ್ವನಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೆ ಬಾಗಿಲುಗಳು ಅರ್ಧಕ್ಕರ್ಧ. ಸಂತೆಯ ದಿನ ಬಸ್ ನಿಲ್ದಾಣದಲ್ಲಿ ಅರ್ಧ ಬಸ್ಸು ಬರದಿದ್ದರೆ ಜನ ಏನಾಗುತ್ತಾರೆ? ನಿಲ್ದಾಣದಲ್ಲೇ ಉಳಿಯುತ್ತಾರೆ. ಹಾಗೆಯೇ ಕೊಲೆಸ್ಟರಾಲ್ ರಕ್ತದಲ್ಲೇ ಉಳಿಯುತ್ತದೆ. ಸಾಧಾರಣ ಜನರಲ್ಲಿ ನೂರು, ನೂರಿಪ್ಪತ್ತರ ಆಸುಪಾಸಿನಲ್ಲಿರುವ ಎಲ್‌ಡಿಎಲ್ ಇಂಥವರಲ್ಲಿ 190 ದಾಟುತ್ತದೆ. ಅದೂ ಹುಟ್ಟಿನಿಂದಲೇ. ಮುದ್ದೆ ತಿಂದರೂ ಅಷ್ಟೇ, ಬಿರಿಯಾನಿ ತಿಂದರೂ ಹೆಚ್ಚು ಕಡಿಮೆ ಅಷ್ಟೇ.

ಇದು ಎಲ್ಲೋ ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆಯಲ್ಲ. ಜಗತ್ತಿನಾದ್ಯಂತ ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗಿದೆ. ಮೂರು ಸಾವಿರ ಜನಸಂಖ್ಯೆಯ ಊರಿನಲ್ಲಿ ಹತ್ತು ಜನ ಅಂದುಕೊಳ್ಳಿ. ಅವರಲ್ಲಿ ಹೆಚ್ಚಿನವರಿಗೆ ತಮಗಿದೆ ಎಂದು ಗೊತ್ತೇ ಇರುವುದಿಲ್ಲ. ಇದ್ದವರ ಮಕ್ಕಳಲ್ಲಿ ಪ್ರತಿಯೊಂದು ಮಗುವಿಗೂ ಬರುವ ಸಾಧ್ಯತೆ ಅರ್ಧ, ನಾಣ್ಯ ಚಿಮ್ಮಿದ ಹಾಗೆ. ಗಂಡೋ ಹೆಣ್ಣೋ ಅದಕ್ಕೆ ಸಂಬಂಧವಿಲ್ಲ. ಹತ್ತನೇ ತರಗತಿಯ ಮಕ್ಕಳೇ, ನೀವು ಅನುವಂಶೀಯತೆಯ ಪಾಠದಲ್ಲಿ ಬಟಾಣಿ ಗಿಡದ ಚೌಕ ಬರೆಯುತ್ತೀರಲ್ಲ, ಅದೇ ಲೆಕ್ಕ.

ಆದರೆ ಬಟಾಣಿಯಲ್ಲಿ ಇಲ್ಲದ ಎರಡು ಸಂಗತಿಗಳು ಮನುಷ್ಯರಲ್ಲಿವೆ. ಒಂದು ವಯಸ್ಸು. ಇನ್ನೊಂದು, ಒಂದೇ ಜೀನ್ ಗಂಡಿನಲ್ಲಿ ಒಂದು ಕಾಲಕ್ಕೆ, ಹೆಣ್ಣಿನಲ್ಲಿ ಇನ್ನೊಂದು ಕಾಲಕ್ಕೆ ಮುಖ ತೋರಿಸುವುದು.

ವಯಸ್ಸನ್ನು ಬಡ್ಡಿ ಸಾಲದ ಹಾಗೆ ನೋಡಿ. ಎಲ್‌ಡಿಎಲ್ ಎಷ್ಟಿದೆ ಅನ್ನುವುದು ಬಡ್ಡಿ ದರ, ಎಷ್ಟು ವರ್ಷದಿಂದ ಇದೆ ಅನ್ನುವುದು ಅವಧಿ. ರಕ್ತನಾಳ ಇವೆರಡನ್ನೂ ಕೂಡಿಸಿ ಲೆಕ್ಕ ಇಡುತ್ತದೆ. ಸಾಧಾರಣ ಮನುಷ್ಯ ಎಪ್ಪತ್ತಕ್ಕೆ ಮುಟ್ಟುವ ಮೊತ್ತವನ್ನು ಈ ಜೀನ್ ಇರುವವನು ನಲವತ್ತಕ್ಕೇ ಮುಟ್ಟಿರುತ್ತಾನೆ. ಇದಕ್ಕೆ ನನಗೆ ತಿಳಿದ ಅತ್ಯಂತ ಚೆನ್ನಾದ ಸಾಕ್ಷಿ ಕಾಯಿಲೆಯವರಿಂದ ಬಂದದ್ದಲ್ಲ, ಅದೃಷ್ಟವಂತರಿಂದ ಬಂದದ್ದು. 2003ರಲ್ಲಿ ಫ್ರಾನ್ಸಿನ ಸಂಶೋಧಕರು ಪಿಸಿಎಸ್‌ಕೆ9 ಎಂಬ ಇನ್ನೊಂದು ಜೀನ್ ಹಿಡಿದರು. ಅದು ಲಿವರ್‌ನ ಆ ಬಾಗಿಲುಗಳನ್ನು ಕಿತ್ತುಹಾಕುವ ಕೆಲಸದ್ದು. ಅದು ಅತಿಯಾಗಿ ಕೆಲಸ ಮಾಡಿದರೆ ಕಾಯಿಲೆ. ಹಾಗಾದರೆ ಅದು ಕೆಲಸವನ್ನೇ ಮಾಡದಿದ್ದರೆ? ಡಲ್ಲಾಸಿನ ಹೆಲೆನ್ ಹಾಬ್ಸ್ ಮತ್ತು ಜೋನಥನ್ ಕೋಹೆನ್ ಅದನ್ನು ಹುಡುಕಿದರು. 2006ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿದೆ: ಅಮೆರಿಕದ ಕಪ್ಪು ಜನರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಈ ಜೀನಿನ ಒಂದು ಪ್ರತಿ ಕೆಟ್ಟಿತ್ತು. ಅವರ ಎಲ್‌ಡಿಎಲ್ ಉಳಿದವರಿಗಿಂತ ಶೇಕಡ 28ರಷ್ಟು ಕಡಿಮೆ. ಆದರೆ ಅವರಿಗೆ ಹೃದಯನಾಳದ ಕಾಯಿಲೆ ಬಂದದ್ದು ಶೇಕಡ 88ರಷ್ಟು ಕಡಿಮೆ! ಐವತ್ತೈದನೇ ವಯಸ್ಸಿಗೆ ಮಾತ್ರೆ ಶುರು ಮಾಡಿ ಎಲ್‌ಡಿಎಲ್ ಅಷ್ಟೇ ಇಳಿಸಿದರೆ ಇಷ್ಟು ಲಾಭ ಸಿಗುವುದಿಲ್ಲ. ಅವರದು ಹುಟ್ಟಿದ ದಿನದಿಂದ ಇಳಿದದ್ದು. ಆ ಜೀನಿನ ಕೆಲಸ ತಡೆಯುವ ಚುಚ್ಚುಮದ್ದು 2015ರಲ್ಲಿ ಬಳಕೆಗೆ ಬಂತು. ನಮ್ಮ ಜನರ ಕೈಗೆ ಎಟುಕುವ ಬೆಲೆ ಇನ್ನೂ ಆಗಿಲ್ಲ.

ಇನ್ನು ಗಂಡು ಹೆಣ್ಣಿನ ಮಾತು. ಮೊದಲು ಹೇಳಿದ, ಬಾಗಿಲು ಕಡಿಮೆ ಇರುವ ಕಾಯಿಲೆಯಲ್ಲಿ ಚಿಕಿತ್ಸೆ ಮಾಡದೆ ಬಿಟ್ಟರೆ, ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಐವತ್ತರೊಳಗೆ ಹೃದಯನಾಳದ ಕಾಯಿಲೆ ಬರುತ್ತದೆ. ಹೆಂಗಸರಲ್ಲಿ ಅರವತ್ತರೊಳಗೆ ನೂರಕ್ಕೆ ಮೂವತ್ತು. ಜೀನ್ ಅದೇ, ಎಲ್‌ಡಿಎಲ್ ಅಂಕಿಯೂ ಅದೇ, ಆದರೆ ಹೆಣ್ಣಿಗೆ ಹತ್ತು ವರ್ಷದ ರಿಯಾಯಿತಿ. ಮುಟ್ಟು ನಡೆಯುವ ವರ್ಷಗಳಲ್ಲಿ ಈಸ್ಟ್ರೋಜನ್ ಹಾರ್ಮೋನು ರಕ್ತನಾಳವನ್ನು ಮೃದುವಾಗಿಡುತ್ತದೆ, ಲಿವರ್‌ನ ಬಾಗಿಲುಗಳನ್ನೂ ಹೆಚ್ಚಿಸುತ್ತದೆ. ಮುಟ್ಟು ನಿಂತ ಮೇಲೆ ಎಲ್‌ಡಿಎಲ್ ಏರುತ್ತದೆ, ನಾಳ ಗಡುಸಾಗುತ್ತದೆ, ಬಿಪಿ ಬರುತ್ತದೆ. ರಿಯಾಯಿತಿ ಅಂದರೆ ಮನ್ನಾ ಅಲ್ಲ ಎಂದು ಸಾಲ ಮಾಡಿದ ರೈತರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವೀಡನ್ನಿನಲ್ಲಿ ಇಪ್ಪತ್ತೊಂದು ಸಾವಿರ ಅವಳಿಗಳನ್ನು ಇಪ್ಪತ್ತಾರು ವರ್ಷ ಗಮನಿಸಿ 1994ರಲ್ಲಿ ಒಂದು ವರದಿ ಬಂತು. ಒಬ್ಬ ಗಂಡಸಿನ ತದ್ರೂಪಿ ಅವಳಿ ಐವತ್ತೈದಕ್ಕೆ ಮೊದಲೇ ಹೃದಯದ ಕಾಯಿಲೆಯಿಂದ ಸತ್ತಿದ್ದರೆ, ಇವನಿಗೆ ಆ ಸಾವಿನ ಸಂಭವ ಬೇರೆ ಅವಳಿಗಳಿಗಿಂತ ಎಂಟು ಪಟ್ಟು. ತದ್ರೂಪಿಯಲ್ಲದ ಅವಳಿಯಾದರೆ ನಾಲ್ಕು ಪಟ್ಟಿಗೆ ಸ್ವಲ್ಪ ಕಡಿಮೆ. ಹೆಂಗಸರ ಲೆಕ್ಕ ಕೇಳಿ. ತದ್ರೂಪಿ ಅಕ್ಕನೋ ತಂಗಿಯೋ ಅರವತ್ತೈದಕ್ಕೆ ಮೊದಲು ಸತ್ತಿದ್ದರೆ ಹದಿನೈದು ಪಟ್ಟು! ಅಂದರೆ ಹೆಣ್ಣುಮಗಳು ಬೇಗ ಹೃದಯಾಘಾತದಿಂದ ಹೋದ ಮನೆಯಲ್ಲಿ ವಂಶದ ಕೈವಾಡ ಇನ್ನೂ ಜೋರಾಗಿರುತ್ತದೆ. ಅದೇ ವರದಿಯ ಇನ್ನೊಂದು ಮಾತು: ಅವಳಿ ಸತ್ತದ್ದು ಮುಪ್ಪಿನಲ್ಲಾದರೆ ಈ ಸಂಬಂಧ ತೆಳುವಾಗುತ್ತಾ ಹೋಗುತ್ತದೆ. ಎಂಬತ್ತಕ್ಕೆ ಹೃದಯಾಘಾತವಾದ ಅಜ್ಜನಿಂದ ಮೊಮ್ಮಕ್ಕಳು ಹೆದರಬೇಕಾಗಿಲ್ಲ. ನಲವತ್ತೈದಕ್ಕೆ ಹೋದ ಅಜ್ಜನ ವಿಷಯ ಬೇರೆ, ಐವತ್ತೆಂಟಕ್ಕೆ ಹೋದ ಅಜ್ಜಿಯ ವಿಷಯವೂ ಬೇರೆ. ನಮ್ಮ ವೈದ್ಯರು ಕೂಡ ‘ನಿಮ್ಮ ತಂದೆಗೆ ಹಾರ್ಟ್ ತೊಂದರೆ ಇತ್ತಾ’ ಎಂದು ಕೇಳುತ್ತಾರೆ. ‘ನಿಮ್ಮ ತಾಯಿಗೆ?’ ಎಂದು ಕೇಳುವವರು ಕಡಿಮೆ. ‘ಯಾವ ವಯಸ್ಸಿಗೆ?’ ಅನ್ನುವವರು ಇನ್ನೂ ಕಡಿಮೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಸೋಜಿಗವಿದೆ. ನಲವತ್ತು ನಲವತ್ತೈದರ ಹೆಂಗಸು, ಬೀಡಿಯಿಲ್ಲ, ಸಕ್ಕರೆ ಕಾಯಿಲೆಯಿಲ್ಲ, ಕೊಲೆಸ್ಟರಾಲೂ ಸರಿಯಿದೆ, ಆದರೂ ಹೃದಯಾಘಾತ. ಆಂಜಿಯೋಗ್ರಾಂ ಮಾಡಿದರೆ ಕೊಬ್ಬಿನ ಗಡ್ಡೆ ಇಲ್ಲ. ನಾಳದ ಒಳಪದರವೇ ಹರಿದು ಎದ್ದು ದಾರಿ ಮುಚ್ಚಿದೆ. ಹೀಗೆ ನಾಳ ತಾನಾಗಿ ಸೀಳುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರೇ, ಕೆಲವರಿಗೆ ಹೆರಿಗೆಯಾದ ವಾರಗಳಲ್ಲಿ ಆಗುತ್ತದೆ. ಆರನೇ ವರ್ಣತಂತುವಿನಲ್ಲಿರುವ ಫ್ಯಾಕ್ಟರ್1 ಎಂಬ ಜೀನಿನ ಒಂದು ರೂಪ ಇದರ ಸಂಭವವನ್ನು ಹೆಚ್ಚಿಸುತ್ತದೆ, ಅರೆತಲೆನೋವಿನ ಸಂಭವವನ್ನೂ ಹೆಚ್ಚಿಸುತ್ತದೆ. ಅದೇ ರೂಪ ನಾಳದಲ್ಲಿ ಕೊಬ್ಬು ಕೂರುವ ಮಾಮೂಲಿ ಕಾಯಿಲೆಯ ಸಂಭವವನ್ನು ಕಡಿಮೆ ಮಾಡುತ್ತದೆ. ಒಂದೇ ಅಕ್ಷರದ ವ್ಯತ್ಯಾಸ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುತ್ತದೆ. ‘ಒಳ್ಳೆಯ ಜೀನ್’, ‘ಕೆಟ್ಟ ಜೀನ್’ ಎಂದು ನಾನೇ ಇಲ್ಲಿಯವರೆಗೆ ಅನ್ನುತ್ತಾ ಬಂದೆ, ಹೇಳಲು ಸುಲಭ ಅಂತ. ನಿಸರ್ಗದ ಪುಸ್ತಕದಲ್ಲಿ ಆ ಪದಗಳಿಲ್ಲ.

ಇಟಲಿಯ ಒಂದು ಊರಿನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗಾರ್ಡಾ ಸರೋವರದ ದಡದಲ್ಲಿ ಲಿಮೋನೆ ಎಂಬ ಹಳ್ಳಿ. ಹಿಂದೆ ಬೆಟ್ಟ, ಮುಂದೆ ನೀರು, 1930ರ ದಶಕದವರೆಗೆ ರಸ್ತೆಯೇ ಇರಲಿಲ್ಲ. 1970ರ ದಶಕದಲ್ಲಿ ಆ ಊರಿನ ಮೂಲದ ಒಬ್ಬ ರೈಲ್ವೆ ನೌಕರನ ರಕ್ತ ಪರೀಕ್ಷೆಯನ್ನು ಮಿಲಾನಿನ ವೈದ್ಯರು ನೋಡಿ ಬೆಚ್ಚಿದರು. ಒಳ್ಳೆಯ ಕೊಲೆಸ್ಟರಾಲ್ ಅನ್ನುವ ಎಚ್‌ಡಿಎಲ್ ಬಹಳ ಕಡಿಮೆ, ಟ್ರೈಗ್ಲಿಸರೈಡ್ ಬಹಳ ಹೆಚ್ಚು. ಲೆಕ್ಕದ ಪ್ರಕಾರ ಅವನ ನಾಳಗಳು ಕೆಟ್ಟಿರಬೇಕು, ಆದರೆ ಕೆಟ್ಟಿರಲಿಲ್ಲ. ಚೆಸಾರೆ ಸಿರ್ತೋರಿ ಮತ್ತು ಸಂಗಡಿಗರು ಊರಿಗೇ ಹೋಗಿ ಊರವರ ರಕ್ತ ತೆಗೆದರು. ಒಂದು ಪ್ರೋಟೀನಿನ ಬದಲಾದ ರೂಪ ಕೆಲವು ಮನೆತನಗಳಲ್ಲಿತ್ತು. ಚರ್ಚಿನ ಜನನ ಮರಣದ ದಫ್ತರು ತಿರುವಿ ಹಾಕಿದಾಗ ಆ ಮನೆತನಗಳೆಲ್ಲ ಹದಿನೆಂಟನೇ ಶತಮಾನದ ಒಂದೇ ದಂಪತಿಯ ಸಂತಾನ ಎಂದು ತಿಳಿಯಿತು. ಆ ಪ್ರೋಟೀನಿನಿಂದ ಔಷಧಿ ಮಾಡುವ ಪ್ರಯತ್ನ 2003ರಲ್ಲಿ ದೊಡ್ಡ ಆಸೆ ಹುಟ್ಟಿಸಿತು, ಮುಂದಿನ ಪರೀಕ್ಷೆಗಳಲ್ಲಿ ಫಲ ಕೊಡಲಿಲ್ಲ. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಔಷಧಿಯಲ್ಲ, ಆ ದಫ್ತರು. ಯಾರು ಯಾವಾಗ ಹುಟ್ಟಿದರು, ಯಾವಾಗ ಸತ್ತರು ಎಂದು ಯಾರೋ ಇನ್ನೂರು ವರ್ಷ ಬರೆದಿಟ್ಟರು, ಅದು ಕೆಲಸಕ್ಕೆ ಬಂತು.

ಎಲ್ಲರದೂ ಒಂದೇ ಜೀನಿನ ಕಥೆಯಲ್ಲ. ಬಹುಪಾಲು ಜನರಲ್ಲಿ ನೂರಾರು ಸಣ್ಣ ಸಣ್ಣ ವ್ಯತ್ಯಾಸಗಳು ಕೂಡಿ ಕೆಲಸ ಮಾಡುತ್ತವೆ. ಅವುಗಳಲ್ಲಿ ಹೆಸರಾದದ್ದು 2007ರಲ್ಲಿ ಸಿಕ್ಕಿದ, ಒಂಬತ್ತನೇ ವರ್ಣತಂತುವಿನ ಒಂದು ಭಾಗ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯನ ದೇಹದಲ್ಲೂ ಆ ವ್ಯತ್ಯಾಸ ಎರಡೂ ಕಡೆಯಿಂದ ಬಂದಿತ್ತು, ಅವನ ರಕ್ತನಾಳಗಳಲ್ಲಿ ಸುಣ್ಣ ಕಟ್ಟಿತ್ತು. ಬೇಕರಿಯೂ ಇಲ್ಲ, ಟಿವಿಯೂ ಇಲ್ಲದ ಕಾಲದವನು! ‘ಈಗಿನ ಊಟದಿಂದಲೇ ಎಲ್ಲ’ ಅನ್ನುವವರಿಗೆ ನಾನು ಇವನನ್ನು ತೋರಿಸುತ್ತೇನೆ. ‘ಎಲ್ಲ ಹಣೆಬರಹ’ ಅನ್ನುವವರಿಗೆ ತೋರಿಸುವುದು ಬೇರೆ. 2016ರಲ್ಲಿ ಐವತ್ತೈದು ಸಾವಿರ ಜನರ ಲೆಕ್ಕ ಪ್ರಕಟವಾಯಿತು. ಜೀನಿನ ಪ್ರಕಾರ ಹೆಚ್ಚಿನ ಅಪಾಯದ ಗುಂಪಿನಲ್ಲಿದ್ದರೂ ಹೊಗೆಸೊಪ್ಪು ಬಿಟ್ಟು, ಮೈ ಬಗ್ಗಿಸಿ, ಹಿತವಾಗಿ ಉಂಡು, ತೂಕ ಹಿಡಿತದಲ್ಲಿಟ್ಟವರಿಗೆ, ಅದೇ ಗುಂಪಿನ ಬೇಕಾಬಿಟ್ಟಿ ಬದುಕಿನವರಿಗಿಂತ ಕಾಯಿಲೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿತ್ತು.

ನಮ್ಮವರ ಪಾಡೇನು? 52 ದೇಶಗಳ ಒಂದು ದೊಡ್ಡ ಅಧ್ಯಯನದಲ್ಲಿ, ಅದರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಇದ್ದರು, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ ಆಗುತ್ತದೆ ಎಂದು ಕಂಡಿತು. ಬೇರೆಯವರಿಗೆ ಸುಮಾರು 59. ಈ ಆರು ವರ್ಷದ ವ್ಯತ್ಯಾಸದ ಹೆಚ್ಚಿನ ಪಾಲು ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟರಾಲುಗಳೇ ನಮಗೆ ಬೇಗ ಅಂಟಿಕೊಳ್ಳುವುದರಿಂದ. ಇದರ ಜೊತೆಗೆ ಲಿಪೋಪ್ರೋಟೀನ್-ಎ ಎಂಬ ಇನ್ನೊಂದು ಕಣವಿದೆ, 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಕಂಡುಹಿಡಿದದ್ದು. ಅದರ ಮಟ್ಟ ಬಹುಪಾಲು ವಂಶದಿಂದಲೇ ನಿಶ್ಚಯವಾಗುತ್ತದೆ, ಯುರೋಪಿನವರಿಗಿಂತ ನಮ್ಮಲ್ಲಿ ಹೆಚ್ಚು. ಜೀವಮಾನದಲ್ಲಿ ಒಂದು ಸಲ ನೋಡಿಸಿಕೊಂಡರೆ ಸಾಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಆ ವಾರವೆಲ್ಲ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲು ನಿಂತರು. ಹೆದರಿಕೆಯಿಂದ ನಿಂತ ಸಾಲು ಬೇಗ ಕರಗುತ್ತದೆ. ಸಾಲಿನಲ್ಲಿ ನಿಲ್ಲಬೇಕಾದವರು ಯಾರು ಎಂದು ಗೊತ್ತಿದ್ದರೆ ಅಷ್ಟು ಉದ್ದದ ಸಾಲೂ ಬೇಕಾಗುವುದಿಲ್ಲ.

ಈಗ ಹೇಳುವುದು ಸ್ವಲ್ಪ ಕಷ್ಟದ ಮಾತು. ನಮ್ಮ ಕಡೆ ಅಕ್ಕನ ಮಗಳನ್ನೋ, ಸೋದರಮಾವನ ಮಗಳನ್ನೋ, ಅತ್ತೆಯ ಮಗಳನ್ನೋ ತಂದುಕೊಳ್ಳುವುದು ಹೊಸದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆ ರಕ್ತಸಂಬಂಧದೊಳಗೇ ಆಗಿದೆ. ಜಮೀನು ಒಡೆಯುವುದಿಲ್ಲ, ಹೆಣ್ಣು ಗೊತ್ತಿರುವ ಮನೆಗೆ ಹೋಗುತ್ತಾಳೆ, ಕಾರಣಗಳು ನನಗೂ ಗೊತ್ತು. ಎಲ್ಲ ಸೋದರಸಂಬಂಧದ ಮಕ್ಕಳಿಗೂ ತೊಂದರೆಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಬಾಗಿಲು ಕಡಿಮೆಯಿರುವ ಮನೆತನದೊಳಗೇ ಮದುವೆಯಾದರೆ, ಗಂಡ ಹೆಂಡತಿ ಇಬ್ಬರಲ್ಲೂ ಆ ಜೀನ್ ಇದ್ದರೆ, ಹುಟ್ಟುವ ಪ್ರತಿ ಮಗುವಿಗೂ ಎರಡೂ ಕಡೆಯಿಂದ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿನ ಎಲ್‌ಡಿಎಲ್ ನಾನೂರು, ಐನೂರು ದಾಟಬಹುದು. ಮೊಣಕೈ, ಮಂಡಿ, ಬೆರಳ ಗೆಣ್ಣುಗಳ ಮೇಲೆ ಹಳದಿ ಗಂಟುಗಳೇಳುತ್ತವೆ. ನೋವಿರುವುದಿಲ್ಲ. ಚರ್ಮದ ಕಾಯಿಲೆ ಎಂದು ಮುಲಾಮು ಹಚ್ಚುತ್ತಾರೆ. ಆ ಮಗುವಿಗೆ ಹದಿಹರೆಯದಲ್ಲೇ, ಇಲ್ಲವೇ ಇಪ್ಪತ್ತರ ಆಸುಪಾಸಿನಲ್ಲಿ ಹೃದಯಾಘಾತವಾಗಬಹುದು. ನನ್ನ ವೃತ್ತಿಯಲ್ಲಿ ಇಂಥ ಮಗುವನ್ನು ನೋಡಿದ್ದೇನೆ, ಹನ್ನೊಂದು ವರ್ಷದ ಹುಡುಗಿ. ಮಂಡಿಯ ಗಂಟುಗಳನ್ನು ಮುಚ್ಚಿಕೊಳ್ಳಲು ಸದಾ ಉದ್ದ ಲಂಗ ಹಾಕುತ್ತಿದ್ದಳು. ಶಾಲೆಯಲ್ಲಿ ಆಟದ ಪೀರಿಯಡ್ಡಿನಲ್ಲಿ ಓಡಿದರೆ ಎದೆ ಹಿಡಿದುಕೊಳ್ಳುತ್ತದೆ ಅನ್ನುತ್ತಿದ್ದಳಂತೆ. ಮನೆಯವರು ಸೋಮಾರಿತನ ಅಂದುಕೊಂಡಿದ್ದರು. ಹೆಚ್ಚಿಗೆ ಹೇಳುವುದಿಲ್ಲ. ಆ ಗಂಟುಗಳನ್ನು ನಿಮ್ಮ ತರಗತಿಯ ಯಾವುದಾದರೂ ಮಗುವಿನ ಕೈಮೇಲೆ ಕಂಡರೆ, ಶಿಕ್ಷಕ ಬಂಧುಗಳೇ, ದಯವಿಟ್ಟು ಅದೇ ವಾರ ಪೋಷಕರನ್ನು ಕರೆಸಿ ಮಾತನಾಡಿ.

ಹೆಣ್ಣುಮಕ್ಕಳ ಮದುವೆಗೆ ತೊಂದರೆಯಾಗುತ್ತದೆ ಎಂದು ಇದನ್ನು ಮುಚ್ಚಿಡುವ ಮನೆಗಳಿವೆ. ನನ್ನ ಮುಂದೆಯೇ ‘ಮೇಡಂ, ರಿಪೋರ್ಟಿನಲ್ಲಿ ಬರೀಬೇಡಿ, ಬಾಯಲ್ಲಿ ಹೇಳಿ’ ಎಂದು ಕೇಳಿದ ತಂದೆಯರಿದ್ದಾರೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅವರು ಹೆದರುವುದು ಕಾಯಿಲೆಗಲ್ಲ, ನಮ್ಮ ನಿಮ್ಮ ಬಾಯಿಗೆ. ಆದರೆ ಒಂದು ಪ್ರತಿ ಮಾತ್ರ ಬಂದವರಿಗೆ ದಿನಕ್ಕೊಂದು ಮಾತ್ರೆ ಸಾಮಾನ್ಯವಾಗಿ ದೊಡ್ಡ ಕೆಲಸ ಮಾಡುತ್ತದೆ, ಕೆಲವರಿಗೆ ಎರಡು ಬೇಕಾಗಬಹುದು. ಆ ಮಾತ್ರೆಯ ಮೂಲ ಕೂಡ ಒಬ್ಬ ರೈತನ ಮಗನದು. ಜಪಾನಿನ ಹಳ್ಳಿಯವರಾದ ಅಕಿರಾ ಎಂಡೋ ಸುಮಾರು ಆರು ಸಾವಿರ ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕ್ಯೋಟೋದ ಧಾನ್ಯದಂಗಡಿಯ ಅಕ್ಕಿಯ ಮೇಲಿನ ಬೂಷ್ಟಿನಿಂದ 1973ರಲ್ಲಿ ಮೊದಲ ಸ್ಟ್ಯಾಟಿನ್ ತೆಗೆದರು. ಇವತ್ತು ಅದರ ವಂಶದ ಮಾತ್ರೆಗಳು ಜನೌಷಧಿ ಕೇಂದ್ರದಲ್ಲಿ ಅಗ್ಗವಾಗಿ ಸಿಗುತ್ತವೆ. ಈ ಕಾಯಿಲೆ ಖಚಿತವಾದ ಮಕ್ಕಳಿಗೆ ಎಂಟು ಹತ್ತು ವರ್ಷದಿಂದಲೇ ತಜ್ಞರ ಸಲಹೆಯಂತೆ ಕೊಡುತ್ತಾರೆ. ಹೆಣ್ಣುಮಕ್ಕಳು ಗರ್ಭಿಣಿಯಾಗಲು ಬಯಸಿದಾಗ ವೈದ್ಯರನ್ನು ಕೇಳಿ ನಿಲ್ಲಿಸಬೇಕು, ಮಗುವಿಗೆ ಹಾಲು ಬಿಡಿಸಿದ ಮೇಲೆ ಮತ್ತೆ ಶುರು ಮಾಡಬೇಕು. ನಾನು ಕಂಡ ಹಾಗೆ ನಿಲ್ಲಿಸುವುದು ಎಲ್ಲರಿಗೂ ನೆನಪಿರುತ್ತದೆ. ಮತ್ತೆ ಶುರು ಮಾಡುವುದನ್ನು ಗಂಡ, ಅತ್ತೆ, ವೈದ್ಯರು, ಅವಳು, ಎಲ್ಲರೂ ಮರೆಯುತ್ತಾರೆ.

ದುಬಾರಿ ಜೀನ್ ಪರೀಕ್ಷೆಯ ಜಾಹೀರಾತುಗಳು ಈಗ ಮೊಬೈಲಿನಲ್ಲಿ ಬರುತ್ತಿವೆ. ನೂರಾರು ಜೀನ್ ಕೂಡಿಸಿ ಅಂಕ ಕೊಡುವ ಆ ಪರೀಕ್ಷೆಗಳು ಹೆಚ್ಚಾಗಿ ಯುರೋಪಿನವರ ಮಾಹಿತಿಯ ಮೇಲೆ ಕಟ್ಟಿದವು, ನಮ್ಮವರಲ್ಲಿ ಅಷ್ಟು ಸರಿಯಾಗಿ ಹೇಳುವುದಿಲ್ಲ. ನಿಮ್ಮ ದುಡ್ಡು ನಿಮ್ಮಲ್ಲೇ ಇರಲಿ. ನೆದರ್ಲೆಂಡ್ಸ್ ದೇಶದವರು 1994ರಿಂದ ಇಪ್ಪತ್ತು ವರ್ಷ ಒಂದು ಸರಳ ಕ್ರಮ ನಡೆಸಿದರು. ಒಬ್ಬರಿಗೆ ಈ ಕಾಯಿಲೆ ಇದೆ ಎಂದು ಗೊತ್ತಾದ ಕೂಡಲೇ ಅವರ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು, ಚಿಕ್ಕಪ್ಪ, ಸೋದರತ್ತೆಯರನ್ನು ಹುಡುಕಿಕೊಂಡು ಹೋಗಿ ಪರೀಕ್ಷೆ ಮಾಡುವುದು. ಸಂಬಂಧಿಕರ ಹೆಸರು, ಊರು, ಯಾರು ಯಾರಿಗೆ ಏನಾಗಬೇಕು ಎಂದು ನೆನಪಿಡುವುದರಲ್ಲಿ ನಮ್ಮ ಅಜ್ಜಿಯರನ್ನು ಯಾವ ದೇಶದ ಸರ್ಕಾರವೂ ಸೋಲಿಸಲಾರದು. ಆ ಜ್ಞಾನ ಮದುವೆ ಮಾತುಕತೆಯಲ್ಲಿ ಮಾತ್ರ ಖರ್ಚಾಗುತ್ತಿದೆ.

ಅದಕ್ಕೇ ಇವತ್ತು ನಿಮ್ಮ ಕುರ್ಚಿಗಳ ಮೇಲೆ ಒಂದು ಹಾಳೆ ಇಡಿಸಿದ್ದೇನೆ. ಅದರಲ್ಲಿ ಮೂರು ತಲೆಮಾರಿನ ಮರವಿದೆ. ಅಪ್ಪನ ಕಡೆಯಷ್ಟೇ ಅಲ್ಲ, ಅವ್ವನ ಕಡೆಯದೂ ಬರೆಯಬೇಕು. ಪ್ರತಿಯೊಬ್ಬರ ಮುಂದೆ ಈಗಿನ ವಯಸ್ಸು, ತೀರಿಕೊಂಡಿದ್ದರೆ ಯಾವ ವಯಸ್ಸಿಗೆ, ಹೇಗೆ. ‘ಇದ್ದಕ್ಕಿದ್ದಂತೆ ಹೋದರು’ ಎಂದು ಬರೆದರೂ ಸಾಕು. ಗಂಡಸರು 55ರೊಳಗೆ, ಹೆಂಗಸರು 65ರೊಳಗೆ ಹೃದಯದಿಂದಲೋ ಇದ್ದಕ್ಕಿದ್ದಂತೆಯೋ ಹೋಗಿದ್ದರೆ ಅವರ ಹೆಸರಿಗೆ ಒಂದು ಗೆರೆ ಎಳೆಯಿರಿ. ಅಂಥ ಗೆರೆ ಬಿದ್ದ ಮನೆಯವರು, ಗಂಡು ಹೆಣ್ಣು ಎನ್ನದೆ, ಹತ್ತು ವರ್ಷ ದಾಟಿದ ಮಕ್ಕಳ ಸಮೇತ ಎಲ್‌ಡಿಎಲ್ ನೋಡಿಸಿಕೊಳ್ಳಿ. ಗರ್ಭಿಣಿಯಾಗಿದ್ದಾಗ ಬಿಪಿ ಏರಿ ನಂಜು ಬಂದಿದ್ದ ತಾಯಂದಿರು ಅದನ್ನೂ ಹಾಳೆಯಲ್ಲಿ ಬರೆಯಿರಿ. ಅದು ಹೆರಿಗೆಯೊಂದಿಗೆ ಮುಗಿದುಹೋದ ಮಾತಲ್ಲ, ಮುಂದೆ ನಾಳ ಕೆಡುವ ಸೂಚನೆ ಅದರಲ್ಲಿರುತ್ತದೆ. ಹಾಳೆಯನ್ನು ಶಾಲೆಗೂ ಕೊಡಬೇಡಿ, ಪಂಚಾಯಿತಿಗೂ ಕೊಡಬೇಡಿ, ನನಗೂ ಕೊಡಬೇಡಿ. ಪಡಿತರ ಚೀಟಿಯ ಜೊತೆ ಮನೆಯಲ್ಲೇ ಇಟ್ಟುಕೊಂಡು, ಆಸ್ಪತ್ರೆಗೆ ಹೋಗುವಾಗ ತೆಗೆದುಕೊಂಡು ಹೋಗಿ.

ಇನ್ನೊಂದು. ಎದೆ ಬಿಗಿತ, ದವಡೆ ನೋವು, ಬೆನ್ನು ಹಿಡಿದದ್ದು, ತಣ್ಣನೆ ಬೆವರು, ಏದುಸಿರು ಬಂದರೆ ‘ಗ್ಯಾಸ್ಟ್ರಿಕ್ಕು’ ಎಂದು ಸೋಡಾ ಕುಡಿದು ಮಲಗಬೇಡಿ. ಹೆಂಗಸರು ‘ಸುಸ್ತು’ ಅಂದರೆ ಅದನ್ನು ಸುಸ್ತು ಎಂದೇ ಬಿಟ್ಟುಬಿಡಬೇಡಿ. ಪುನೀತ್ ಅವರ ಹೆಸರಿನಲ್ಲೇ ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಿದೆ. ಅದರಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನೇರ ಅಲ್ಲಿಗೆ ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ.

(ಭಾಷಣದ ನಂತರ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಸಂಪಾದಕರ ಅಪೇಕ್ಷೆಯಂತೆ ಇಲ್ಲಿ ಸೇರಿಸಿದ್ದೇನೆ.)

ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ‘ನಮ್ಮ ಅಪ್ಪನಿಗೆ ಕೊಲೆಸ್ಟರಾಲ್ ಇದೆ. ನನಗೂ ಇದ್ದರೆ ನಾನು ಕಬಡ್ಡಿ ಬಿಡಬೇಕಾ?’ ಬಿಡಬೇಕಾಗಿಲ್ಲಮ್ಮ. ಮೊದಲು ರಕ್ತ ಪರೀಕ್ಷೆ ಮಾಡಿಸು, ಅಪ್ಪನ ರಿಪೋರ್ಟನ್ನೂ ವೈದ್ಯರಿಗೆ ತೋರಿಸು. ಹೆಚ್ಚಿದ್ದರೂ ಒಂದು ಪ್ರತಿಯ ಕಾಯಿಲೆಯಾದರೆ ಆಟ ಆಡಬಹುದು, ಆಡಬೇಕು. ಓಡುವಾಗ ಎದೆ ನೋವು ಬಂದರೆ ಮಾತ್ರ ಆಟ ನಿಲ್ಲಿಸಿ ಆ ದಿನವೇ ಹೇಳು.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದರು: ‘ನನಗೀಗ ಎಪ್ಪತ್ತೆಂಟು. ದಿನಾ ಎಮ್ಮೆ ತುಪ್ಪ ತಿಂತೀನಿ. ನಮ್ಮಪ್ಪಾನೂ ತೊಂಬತ್ತರ ತನಕ ತಿಂದರು. ಬಿಡಬೇಕಾ ತಾಯಿ?’ ಅಜ್ಜ, ನಿಮ್ಮ ಜೀನಿನ ಬಗ್ಗೆ ನಿಮ್ಮಪ್ಪ ತೊಂಬತ್ತು ವರ್ಷ ಬದುಕಿ ಆಗಲೇ ಒಂದು ರಿಪೋರ್ಟ್ ಬರೆದಿದ್ದಾರೆ. ಒಂದು ಚಮಚ ತಿನ್ನಿ. ನಿಮ್ಮ ಸೊಸೆ ಬೇರೆ ಮನೆತನದಿಂದ ಬಂದವರು, ಮೊಮ್ಮಕ್ಕಳಲ್ಲಿ ಅರ್ಧ ಅವರದು. ಅವರ ತಟ್ಟೆಗೆ ನಿಮ್ಮ ಲೆಕ್ಕದಲ್ಲಿ ತುಪ್ಪ ಬಡಿಸಬೇಡಿ.